ಫೇಡರ್ ಇಳಿಸಿದರೆ ಕರಕರ ಹೋಗುವುದಿಲ್ಲ

‘ಸಾರ್, ಫೇಡರ್ ಎಷ್ಟೋ ಇಳಿಸಿದೀನಿ, ಆದ್ರೂ ಕರಕರ ಅಂತಿದೆ.’ ದಾವಣಗೆರೆಯ ವಿದ್ಯಾನಗರದಲ್ಲಿರುವ ನನ್ನ ರೆಕಾರ್ಡಿಂಗ್ ಕೋಣೆಗೆ ಗಿಟಾರ್ ಜೊತೆ ಆಂಪ್ ಮಾಡೆಲರ್ (ಆಂಪ್ಲಿಫೈಯರ್‌ನ ದನಿಯನ್ನು ಅನುಕರಿಸುವ ಪೆಟ್ಟಿಗೆ) ಹಿಡಿದು ಬರುವ ಹುಡುಗರು ತಿಂಗಳಿಗೆ ನಾಲ್ಕು ಸಲವಾದರೂ ಈ ಮಾತು ಹೇಳುತ್ತಾರೆ. ಎಷ್ಟು ಸಲ ಹೇಳಿದರೂ ಕೈ ಮೊದಲು ಹೋಗುವುದು ಫೇಡರ್‌ಗೇ, ಅಂದರೆ ದನಿ ಏರಿಸಿ ಇಳಿಸುವ ಜಾರುಗುಂಡಿಗೇ.

ಫೇಡರ್ ಇರುವುದು ರೆಕಾರ್ಡ್ ಆದ ಮೇಲಿನ ಜಾಗದಲ್ಲಿ. ಕೆಟ್ಟಿದ್ದು ಅದಕ್ಕೂ ಮುಂಚೆ. ಮಂಡಕ್ಕಿ ಅಳೆಯುವಾಗ ಸೇರಿನ ಅಂಚಿಗೆ ಕೈ ಸವರುತ್ತಾರಲ್ಲ, ಮೇಲಿನ ರಾಶಿ ಕೆಳಗೆ ಬಿದ್ದುಹೋಗುತ್ತದೆ. ಡಿಜಿಟಲ್‌ನಲ್ಲಿ ಆ ಅಂಚು ಸೊನ್ನೆ ಡೆಸಿಬೆಲ್. ಅದನ್ನು ದಾಟಿದ ಅಲೆಯ ತುದಿ ಚಪ್ಪಟೆಯಾಗಿ ಕತ್ತರಿಸಿಹೋಗುತ್ತದೆ. ಆಮೇಲೆ ಫೇಡರ್ ಇಳಿಸಿದರೆ ಆ ಚಪ್ಪಟೆ ಅಲೆಯೇ ಸಣ್ಣ ದನಿಯಲ್ಲಿ ಕೇಳುತ್ತದೆ, ಅಷ್ಟೇ. ಬಿದ್ದ ಮಂಡಕ್ಕಿ ಸೇರಿಗೆ ವಾಪಸ್ ಬರುವುದಿಲ್ಲ.

ಕಳೆದ ವಾರ ಜಾತ್ರೆ ಆರ್ಕೆಸ್ಟ್ರಾಗಳಲ್ಲಿ ಗಿಟಾರ್ ನುಡಿಸುವ ಹುಡುಗನೊಬ್ಬ ಬಂದಿದ್ದ. ಒಳ್ಳೆಯ ಕೈ. ವೇದಿಕೆಯಲ್ಲಿ ಡ್ರಮ್ಮು, ಕೀಬೋರ್ಡಿನ ನಡುವೆ ತನ್ನ ದನಿ ಕೇಳಬೇಕಲ್ಲ, ಹಾಗಾಗಿ ಮಾಡೆಲರ್‌ನ ಔಟ್‌ಪುಟ್ ಪೂರ್ತಿ ಏರಿಸಿಟ್ಟಿದ್ದ. ಅದೇ ಪ್ಯಾಚ್ (ಉಳಿಸಿಟ್ಟ ದನಿಯ ಸೆಟ್ಟಿಂಗ್) ಇಟ್ಟುಕೊಂಡೇ ಮಾಡೆಲರನ್ನು ಇಂಟರ್‌ಫೇಸ್‌ಗೆ, ಅಂದರೆ ದನಿಯನ್ನು ಕಂಪ್ಯೂಟರಿಗೆ ಕಳಿಸುವ ಪೆಟ್ಟಿಗೆಗೆ ಚುಚ್ಚಿದ, ಅದರ ‘ಇನ್ಸ್ಟ್’ (ಇನ್‌ಸ್ಟ್ರುಮೆಂಟ್) ಗುಂಡಿ ಒತ್ತೇ ಇತ್ತು. ಆ ಗುಂಡಿ ಬರೀ ಗಿಟಾರನ್ನು ನೇರವಾಗಿ ಚುಚ್ಚುವಾಗ ಬೇಕು. ಮಾಡೆಲರ್‌ನಿಂದ ಹೊರಬರುವುದು ಸಾಮಾನ್ಯವಾಗಿ ಲೈನ್ ಮಟ್ಟದ ಸಿಗ್ನಲ್, ಗಿಟಾರ್‌ಗಿಂತ ಬಹಳ ಜೋರು. ಇಂಟರ್‌ಫೇಸ್‌ನ ಗೇನ್ (ಒಳಬರುವ ಸಿಗ್ನಲ್ ಹಿಗ್ಗಿಸುವ ಗುಂಡಿ) ಸೊನ್ನೆಗಿಟ್ಟರೂ ಮಿತಿ ಮೀರಿತು ಎನ್ನುವ ಕೆಂಪು ದೀಪ ಹತ್ತುತ್ತಿತ್ತು. ಇನ್ಸ್ಟ್‌ನಿಂದ ಲೈನ್‌ಗೆ ಬದಲಿಸಿ, ಮಾಡೆಲರ್‌ನ ಔಟ್‌ಪುಟ್ ಅರ್ಧಕ್ಕೆ ತಂದೆವು. ದೀಪ ಆರಿತು.

ಆದರೂ ಸ್ವಲ್ಪ ಕರಕರ ಉಳಿದಿತ್ತು. ಇಂಥಾ ಹೊತ್ತಲ್ಲಿ ನಾನು ಮಾಡೆಲರ್‌ನಲ್ಲಿ ಡ್ರೈವ್ (ಬೇಕೆಂದೇ ದನಿ ಒಡೆಸುವ ಎಫೆಕ್ಟ್) ಇಲ್ಲದ ಕ್ಲೀನ್ ಪ್ಯಾಚ್ ಹಾಕಿಸಿ, ಗಟ್ಟಿಯಾಗಿ ಒಂದು ಕಾರ್ಡ್ ಬಾರಿಸಲು ಹೇಳುತ್ತೇನೆ. ಅದರಲ್ಲೂ ಕೆಟ್ಟರೆ ತೊಂದರೆ ಮಾಡೆಲರ್‌ನ ಇನ್‌ಪುಟ್ಟಿನಲ್ಲಿ, ತಂತಿಯ ಕಂಪನ ಹಿಡಿಯುವ ಪಿಕಪ್‌ನಲ್ಲಿ ಅಥವಾ ಕೇಬಲ್‌ನಲ್ಲಿ ಇರಬಹುದು. ಅವನ ಗಿಟಾರಿನ ಹಂಬಕರ್ ಪಿಕಪ್ ತಂತಿಗೆ ತೀರಾ ಹತ್ತಿರವಿತ್ತು. ಸ್ಕ್ರೂ ತಿರುಗಿಸಿ ಸ್ವಲ್ಪ ಇಳಿಸಿದೆ. ಎಲ್ಲರ ಗಿಟಾರ್‌ಗೂ ಇದೇ ಮದ್ದು ಎನ್ನಲಾರೆ. ಕಂಪ್ಯೂಟರಿನಲ್ಲೇ ಪಟಪಟ ಅಂದರೆ ಅದು ಬೇರೆ ರೋಗ, ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ಹಿಡಿದಿಟ್ಟುಕೊಳ್ಳುವ ದನಿಯ ತುಂಡು) 64 ಸ್ಯಾಂಪಲ್‌ನಿಂದ 256ಕ್ಕೆ ಏರಿಸಿ ನೋಡಿ.

ಆಮೇಲೆ ಅಲೆಯ ತುದಿ ಮೈನಸ್ 12 ಡೆಸಿಬೆಲ್ ಹತ್ತಿರ ಬರುವಂತೆ ನಿಲ್ಲಿಸಿದೆ. ಪರದೆಯಲ್ಲಿ ಅಲೆ ಸಣ್ಣಗಾಗಿದ್ದು ಕಂಡು ಅವನಿಗೆ ಭಯವಾಯಿತು. ದನಿಯ ಒಂದೊಂದು ಅಳತೆಯನ್ನೂ 24 ಬಿಟ್‌ನಲ್ಲಿ ಬರೆದಿಡುತ್ತೇವೆ, ಒಂದೊಂದು ಬಿಟ್‌ಗೆ ಸುಮಾರು 6 ಡೆಸಿಬೆಲ್. ಮೇಲೆ 12 ಡೆಸಿಬೆಲ್ ಜಾಗ ಖಾಲಿ ಇಟ್ಟರೆ ಹೋಗುವುದು ಎರಡೇ ಬಿಟ್, ಇನ್ನೂ 22 ಉಳಿದಿವೆ. ದನಿ ಮಿಕ್ಸಿಂಗ್‌ನಲ್ಲಿ ಏರಿಸಬಹುದು ಅಂದೆ. ಮನಸ್ಸಿಲ್ಲದೆ ಒಪ್ಪಿದ.

ಹಳೆಯ ಟೇಕನ್ನೇ ಸರಿಮಾಡಿ ಕೊಡಿ ಎಂದೂ ಕೇಳಿದ. ಕತ್ತರಿಸಿದ ತುದಿಯನ್ನು ಊಹಿಸಿ ತುಂಬುವ ಸಾಫ್ಟ್‌ವೇರ್‌ಗಳಿವೆ, ಆದರೆ ಅದು ಊಹೆಯೇ. ಹತ್ತು ನಿಮಿಷದಲ್ಲಿ ಮತ್ತೆ ನುಡಿಸಬಲ್ಲ ಕೈ ಎದುರಿಗೇ ಇತ್ತು. ಹೆಡ್‌ಫೋನ್ ಕೊಟ್ಟೆ, ಮತ್ತೆ ನುಡಿಸಿದ.