ನೆರೆ ಇಳಿದಿದೆ, ಮೊದಲು ಯಾವ ಕೆಲಸಕ್ಕೆ ಕೈ ಹಾಕಬೇಕು?

ಓದುಗರ ಪ್ರಶ್ನೆ: ನಮ್ಮ ಊರಿಗೆ ನುಗ್ಗಿದ್ದ ನೀರು ಈಗ ಇಳಿದಿದೆ. ಮನೆ ತುಂಬಾ ಕೆಸರು, ಹೊಲದಲ್ಲಿ ಹೂಳು, ಬಾವಿ ನೀರು ಕೆಂಪಗಾಗಿದೆ. ಎಲ್ಲಿಂದ ಶುರು ಮಾಡಬೇಕು ಅಂತಲೇ ತಿಳಿಯುತ್ತಿಲ್ಲ. ಮೊದಲು ಯಾವುದು?

ಬಾವಿ. ಮನೆಯೂ ಅಲ್ಲ, ಹೊಲವೂ ಅಲ್ಲ. ಊರಿನವರು ಕುಡಿಯುವ ನೀರು ಎಲ್ಲಿಂದ ಬರುತ್ತದೋ, ತೆರೆದ ಬಾವಿಯೋ ಕೈಪಂಪೋ, ಮೊದಲು ಎಲ್ಲರೂ ಅಲ್ಲಿ ಸೇರಿ.

ಹೀಗೆ ಹೇಳಿದರೆ ಬೇಜಾರಾಗುತ್ತದೆ ಅಂತ ಗೊತ್ತು. ಸ್ವಂತ ಮನೆಯಲ್ಲಿ ಮೊಣಕಾಲುದ್ದ ಕೆಸರು ನಿಂತಿರುವಾಗ ಊರ ಬಾವಿ ಕಡೆಗೆ ಕಾಲು ಏಳುವುದಿಲ್ಲ. ಆದರೆ ನೆರೆ ನೀರು ಬರುವಾಗ ಶೌಚಗುಂಡಿಗಳನ್ನು, ತಿಪ್ಪೆಯನ್ನು, ಸತ್ತ ಪ್ರಾಣಿಗಳನ್ನು ಎಲ್ಲ ತೊಳೆದುಕೊಂಡು ಬಂದಿರುತ್ತದೆ. ಅದೇ ನೀರು ಬಾವಿಗೂ ಇಳಿದಿದೆ. ಕಾಲರಾ, ಟೈಫಾಯ್ಡ್, ಕಾಮಾಲೆ ಹಬ್ಬುವುದು ಇದರಿಂದಲೇ. ನಿಮ್ಮ ಮನೆ ಎಷ್ಟೇ ಚೊಕ್ಕ ಮಾಡಿದರೂ ಪಕ್ಕದ ಮನೆಯವರು ಅದೇ ಬಾವಿಯಿಂದ ಕುಡಿಯುತ್ತಾರೆ, ನಿಮ್ಮ ಮಗುವೂ ಅಲ್ಲೇ ಕುಡಿಯುತ್ತದೆ, ಅಲ್ವಾ? ಇದು ಒಬ್ಬೊಬ್ಬರೇ ಮಾಡಿ ಮುಗಿಸುವ ಕೆಲಸ ಅಲ್ಲ.

ಬಾವಿ ಸರಿಯಾಗುವ ತನಕ ನೀರು ಕುದಿಸಿಯೇ ಕುಡಿಯಿರಿ. ಸುಮ್ನೆ ಬಿಸಿ ಮಾಡಿದರೆ ಸಾಲದು, ಕೊತಕೊತ ಕುದಿಯಬೇಕು. ಕದಡಿದ ನೀರಾದರೆ ಮೊದಲು ತಿಳಿಯಾಗಲು ಬಿಟ್ಟು, ಬಟ್ಟೆಯಲ್ಲಿ ಸೋಸಿ, ಆಮೇಲೆ ಕುದಿಸಿ. ಒಂದು ಮಾತು ಮಾತ್ರ ನೆನಪಿರಲಿ: ನೀರಿಗೆ ಪೆಟ್ರೋಲ್, ಡೀಸೆಲ್ ಅಥವಾ ಕೀಟನಾಶಕದ ವಾಸನೆ ಇದ್ದರೆ ಕುದಿಸಿದರೂ ಅದು ಕುಡಿಯಲು ಬರುವುದಿಲ್ಲ.

ಈಗ ಬಾವಿ ವಿಷಯ. ಕೆಸರು ನೀರಿಗೆ ನೇರವಾಗಿ ಬ್ಲೀಚಿಂಗ್ ಪೌಡರ್ ಸುರಿಯುವುದನ್ನು ಎಷ್ಟೋ ಕಡೆ ನೋಡುತ್ತೇವೆ. ಅದರಿಂದ ಏನೂ ಉಪಯೋಗ ಇಲ್ಲ ಅಂದರೂ ತಪ್ಪಲ್ಲ. ಕ್ಲೋರಿನ್ ಎಲ್ಲ ಕೆಸರಿನ ಮೇಲೆಯೇ ಖರ್ಚಾಗಿ ಹೋಗುತ್ತದೆ, ರೋಗಾಣು ಕೊಲ್ಲುವುದಕ್ಕೆ ಉಳಿಯುವುದೇ ಇಲ್ಲ. ಮೊದಲು ನೀರು ಎತ್ತಿ, ತಳದ ಹೂಳು ತೆಗೆದು, ಒಳಗೋಡೆ ಉಜ್ಜಬೇಕು. ಸುತ್ತಲಿನ ನೆಲ ಇನ್ನೂ ನೀರು ಕುಡಿದು ಮೆತ್ತಗಿದ್ದರೆ ಒಂದೇ ಸಲ ಎಲ್ಲ ನೀರು ಎತ್ತಬೇಡಿ. ಒಳಗಿನ ನೀರು ಹೋದ ಕೂಡಲೇ ಹೊರಗಿನ ಒತ್ತಡಕ್ಕೆ ಗೋಡೆ ಕುಸಿಯಬಹುದು. ಸ್ವಲ್ಪ ಎತ್ತಿ, ನಿಲ್ಲಿಸಿ, ನೋಡಿ, ಮತ್ತೆ ಎತ್ತಿ.

ಬಾವಿಗೆ ಇಳಿಯುವ ಬಗ್ಗೆ ಒತ್ತಿ ಹೇಳುತ್ತೇನೆ, ದಯವಿಟ್ಟು ಕೇಳಿ. ಪೆಟ್ರೋಲ್ ಅಥವಾ ಡೀಸೆಲ್ ಪಂಪನ್ನು ಬಾವಿಯ ಒಳಗೆ ಇಳಿಸಲೇಬಾರದು. ಅದರ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ದೀಪ ಇಳಿಸಿ ನೋಡುವವರಿದ್ದಾರೆ. ದೀಪ ಆರಿದರೆ ಒಳಗೆ ಉಸಿರಾಡುವ ಗಾಳಿ ಕಡಿಮೆ ಅಂತ ತಿಳಿಯುತ್ತದೆ, ನಿಜ. ಆದರೆ ಈ ವಿಷದ ಗಾಳಿ ತುಂಬಿದ್ದರೂ ದೀಪ ಉರಿಯುತ್ತಲೇ ಇರಬಹುದು. ಇಳಿಯುವವರ ಸೊಂಟಕ್ಕೆ ಹಗ್ಗ ಇರಲಿ, ಮೇಲೆ ಎಳೆಯಲು ಗಟ್ಟಿ ಜನ ಇರಲಿ. ಒಬ್ಬರು ತಲೆಸುತ್ತಿ ಬಿದ್ದರೆ ಅವರ ಹಿಂದೆಯೇ ಇನ್ನೊಬ್ಬರು ಹಾರಬೇಡಿ. ಒಂದೇ ಬಾವಿಯಲ್ಲಿ ಇಬ್ಬರು ಮೂವರು ಜೀವ ಬಿಡುವುದು ಹೀಗೆಯೇ.

ಹೂಳು ತೆಗೆದ ಮೇಲೆ ಮೊದಲ ಸಲ ಜಾಸ್ತಿ ಪ್ರಮಾಣದ ಕ್ಲೋರಿನ್ ಹಾಕಿ, ರಾತ್ರಿಯಿಡೀ ಬಿಟ್ಟು, ಆ ನೀರು ಎತ್ತಿ ಚೆಲ್ಲಬೇಕು. ಈ ಮೊದಲ ಪ್ರಮಾಣವನ್ನು ಆರೋಗ್ಯ ಕಾರ್ಯಕರ್ತರಿಂದಲೇ ಕೇಳಿಕೊಳ್ಳಿ. ಆಮೇಲಿನ ದಿನಗಳ ಲೆಕ್ಕ ಮಾತ್ರ ಯಾರು ಬೇಕಾದರೂ ಹಾಕಬಹುದು. 1000 ಲೀಟರಿಗೆ ಸುಮಾರು 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್. ಬಾವಿಯ ಅಗಲ 2 ಮೀಟರ್, ನೀರಿನ ಆಳ 5 ಮೀಟರ್ ಅಂದುಕೊಳ್ಳಿ. ಅಗಲವನ್ನು ಅಗಲದಿಂದಲೇ ಗುಣಿಸಿ, ಆಳದಿಂದ ಗುಣಿಸಿ, 3.14ರಿಂದ ಗುಣಿಸಿ, 4ರಿಂದ ಭಾಗಿಸಿದರೆ 15.7 ಬರುತ್ತದೆ. ಅದನ್ನು 1000ರಿಂದ ಗುಣಿಸಿದರೆ ಲೀಟರ್ ಲೆಕ್ಕ ಸಿಗುತ್ತದೆ, ಅಂದರೆ 15,700 ಲೀಟರ್ ನೀರು. ಅದಕ್ಕೆ ಸುಮಾರು 40 ಗ್ರಾಂ ಪುಡಿ ಸಾಕು.

ಪುಡಿಯನ್ನು ಬಕೆಟ್‌ನಲ್ಲಿ ಸ್ವಲ್ಪ ನೀರು ಹಾಕಿ ಗಂಟಿಲ್ಲದ ಹಾಗೆ ಕಲಸಿ. ಮುಕ್ಕಾಲು ಬಕೆಟ್ ಆಗುವಷ್ಟು ನೀರು ಸೇರಿಸಿ, ಕೋಲಿನಿಂದ ಕದಡಿ, ಹತ್ತು ನಿಮಿಷ ಮುಟ್ಟದೆ ಬಿಡಿ. ಬಿಳಿ ಸುಣ್ಣ ಮೆಲ್ಲಗೆ ತಳಕ್ಕೆ ಕೂರುತ್ತದೆ, ಮೇಲೆ ತಿಳಿನೀರು ನಿಲ್ಲುತ್ತದೆ. ಆ ತಿಳಿಯನ್ನು ಮಾತ್ರ ಇನ್ನೊಂದು ಬಕೆಟ್‌ಗೆ ಬಗ್ಗಿಸಿ. ಸುಣ್ಣ ಬಾವಿಗೆ ಬೇಡ, ನೀರು ಗಡಸಾಗುತ್ತದೆ. ತಿಳಿ ಇರುವ ಬಕೆಟನ್ನು ಹಗ್ಗದಲ್ಲಿ ನೀರಿನ ಒಳಕ್ಕೆ ಇಳಿಸಿ, ಮೇಲೆ ಕೆಳಗೆ, ಆ ಕಡೆ ಈ ಕಡೆ ಎಳೆದಾಡಿ. ಒಂದು ಗಂಟೆ ಯಾರೂ ನೀರು ಸೇದಬಾರದು.

ಇಷ್ಟಾದ ಮೇಲೆ ಮನೆ. ಮೇನ್ ಸ್ವಿಚ್ ಆಫ್ ಆಗಿದೆಯಾ, ಗೋಡೆ ಬಿರುಕು ಬಿಟ್ಟಿದೆಯಾ, ಮೂಲೆಯಲ್ಲಿ ಹಾವು ಸೇರಿದೆಯಾ, ಇವು ಮೂರು ನೋಡದೆ ಒಳಗೆ ಹೋಗಬೇಡಿ. ಕೆಸರಿಗೆ ಇಳಿಯುವಾಗ ಕಾಲಿಗೆ ಬೂಟ್ ಇರಲಿ. ಗಾಯ ಇದ್ದರೆ ಇಲಿ ಮೂತ್ರ ಸೇರಿದ ನೀರಿನಿಂದ ಇಲಿಜ್ವರ ಬರಬಹುದು. ಅದು ಕೂಡಲೇ ಕಾಣಿಸುವುದಿಲ್ಲ, ಒಂದೆರಡು ವಾರ ಕಳೆದ ಮೇಲೆ ಜ್ವರ, ಮೈಕೈ ನೋವು ಶುರುವಾಗಬಹುದು. ಆಗ ಡಾಕ್ಟರ ಹತ್ತಿರ ಹೋಗಿ, ಕೆಸರಿನಲ್ಲಿ ಕೆಲಸ ಮಾಡಿದ್ದೆ ಅಂತ ಹೇಳಲೇಬೇಕು. ಮನೆಗಳನ್ನೂ ಮುಯ್ಯಾಳು ಲೆಕ್ಕದಲ್ಲಿ ತೊಳೆಯಿರಿ, ಇವತ್ತು ನಿಮ್ಮದು, ನಾಳೆ ಅವರದು. ಕೆಸರು ಹಸಿಯಾಗಿದ್ದಾಗ ಹತ್ತು ಕೈ ಸೇರಿ ಎತ್ತಿದರೆ ಅರ್ಧ ದಿನದ ಕೆಲಸ, ಒಣಗಿ ಕಲ್ಲಾದ ಮೇಲೆ ಒಬ್ಬರೇ ಅಗೆಯುತ್ತಾ ಕೂತರೆ ವಾರ ಹಿಡಿಯುತ್ತದೆ.

ಹೊಲ ಕಾಯಲಿ. ಹಸಿ ನೆಲಕ್ಕೆ ಟ್ರ್ಯಾಕ್ಟರ್ ಇಳಿಸಿದರೆ ಮಣ್ಣು ಒತ್ತಿಕೊಂಡು ಮುಂದಿನ ಬೆಳೆಯ ಬೇರಿಗೂ ಕಷ್ಟ. ಒಂದು ಹಿಡಿ ಮಣ್ಣು ಮುಷ್ಟಿಯಲ್ಲಿ ಹಿಂಡಿ ನೋಡಿ, ಉಂಡೆ ಪುಡಿಯಾಗಿ ಉದುರಿದರೆ ಹದ ಬಂದಿದೆ, ಅಂಟಿಕೊಂಡೇ ಇದ್ದರೆ ಇನ್ನೂ ಬಿಡಿ.

ನೆರೆಹೊರೆ ಅಂತ ನಾನು ಇಷ್ಟು ಹೇಳುವುದಕ್ಕೆ ಕಾರಣ ಇದೆ. ಡೇನಿಯಲ್ ಆಲ್ಡ್ರಿಚ್ ಅನ್ನುವ ಅಮೆರಿಕದ ಸಂಶೋಧಕ 2005ರ ಕತ್ರಿನಾ ಚಂಡಮಾರುತದಲ್ಲಿ ತಮ್ಮ ಮನೆಯನ್ನೇ ಕಳೆದುಕೊಂಡವರು. ಜನ ಮತ್ತೆ ಹೇಗೆ ಎದ್ದು ನಿಲ್ಲುತ್ತಾರೆ ಅಂತ ಆಮೇಲೆ ಹಲವು ಕಡೆ ಅಧ್ಯಯನ ಮಾಡಿದರು. ದುಡ್ಡು ಎಷ್ಟು ಬಂತು ಅನ್ನುವುದಕ್ಕಿಂತ ಜನ ಒಬ್ಬರಿಗೊಬ್ಬರು ಎಷ್ಟು ಹತ್ತಿರ ಇದ್ದರು ಅನ್ನುವುದು ಜಾಸ್ತಿ ಲೆಕ್ಕಕ್ಕೆ ಬರುತ್ತದೆ ಅನ್ನುವುದು ಅವರು ಕಂಡದ್ದು. ಆದರೆ ಅವರದೇ ಇನ್ನೊಂದು ಮಾತು ನನಗೆ ಇನ್ನೂ ಮುಖ್ಯ ಅನಿಸುತ್ತದೆ. 2004ರ ಸುನಾಮಿ ಆದ ಮೇಲೆ ತಮಿಳುನಾಡಿನ ಕರಾವಳಿಯ ಹಳ್ಳಿಗಳಲ್ಲಿ, ಗಟ್ಟಿ ಒಗ್ಗಟ್ಟಿದ್ದ ಕಡೆಯೇ ದಲಿತರು, ವಿಧವೆಯರು ಪರಿಹಾರದ ಪಟ್ಟಿಯಿಂದ ಹೊರಗುಳಿದಿದ್ದರು. ಪಟ್ಟಿ ಬರೆದವರು ಊರಿನ ಹಿರಿಯರೇ.

ಹಾಗಾಗಿ ನಿಮ್ಮ ಊರಿನ ಪಟ್ಟಿ ಒಬ್ಬರ ಮನೆ ಜಗಲಿಯಲ್ಲಿ ತಯಾರಾಗುವುದು ಬೇಡ. ಬಾವಿ ಕಟ್ಟೆಯ ಹತ್ತಿರ ಎಲ್ಲರೆದುರು ಜೋರಾಗಿ ಓದಿ. ಒಂಟಿಯಾಗಿರುವ ಅಜ್ಜಿ, ಬಾಡಿಗೆಗೆ ಇದ್ದವರು, ಕೂಲಿಗೆ ಬೇರೆ ಊರಿಂದ ಬಂದವರು, ಇವರ ಹೆಸರು ಇದೆಯಾ ಅಂತ ಕೇಳಿ. ಹೆಸರು ಇಲ್ಲದಿದ್ದರೆ ಅಲ್ಲೇ, ಆಗಲೇ ಸೇರಿಸಿ.

ಇನ್ನೊಂದು. ನೀರು ನಿಂತಿದ್ದ ಗೆರೆ ಗೋಡೆಗಳ ಮೇಲೆ ಇನ್ನೂ ಕಾಣುತ್ತಿರಬೇಕು. ಎಲ್ಲವನ್ನೂ ತೊಳೆದು ಹಾಕುವ ಮುಂಚೆ ಬಾವಿ ಹತ್ತಿರದ ಯಾವುದಾದರೂ ಗಟ್ಟಿ ಗೋಡೆಯ ಮೇಲೆ ಆ ಗೆರೆಗೆ ಪೇಂಟ್ ಬಳಿದು ತಾರೀಕು ಬರೆಯಿರಿ. ಬಾವಿ ಕಟ್ಟೆಯನ್ನು ಮುಂದೆ ಎತ್ತರಿಸುವಾಗ ಅದಕ್ಕಿಂತ ಮೇಲಕ್ಕೆ ಕಟ್ಟಬೇಕು.