ಅಡಿಕೆ ಕಾಯಿಗೆ ಬೋರ್ಡೋ ಹಿಡಿಯದೇಕೆ?

ಕೊಳೆರೋಗ ತಡೆಯಲು ಅಡಿಕೆಗೆ ಹೊಡೆಯುವ ಬೋರ್ಡೋ ಎಂದರೆ ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣದ ದ್ರಾವಣ. ಅಂಟು ಬೆರೆಸದೆ ಅದನ್ನು ಹೊಡೆದ ಕೊನೆಯನ್ನು (ಅಡಿಕೆ ಗೊಂಚಲನ್ನು) ಹತ್ತಿರದಿಂದ ನೋಡಿ. ದ್ರಾವಣ ಎಳೆಕಾಯಿಯ ಮೈಮೇಲೆ ಹರಡದೆ ಮಣಿಮಣಿಯಾಗಿ ನಿಲ್ಲುತ್ತದೆ. ಮಣಿಗಳು ಕೂಡಿ ದಪ್ಪವಾಗಿ, ಜಾರಿ, ತುದಿಯಿಂದ ತೊಟ್ಟಿಕ್ಕುತ್ತವೆ. ಒಣಗಿದ ಮೇಲೆ ತುದಿಯಲ್ಲೊಂದು ನೀಲಿ ಕಲೆ, ಉಳಿದ ಮೈಯೆಲ್ಲ ಬೋಳು.

ನೀರಿನ ಅಣುವಿನಲ್ಲಿ ಆಮ್ಲಜನಕದ ಕಡೆ ತುಸು ಋಣ, ಜಲಜನಕದ ಕಡೆ ತುಸು ಧನ ವಿದ್ಯುದಂಶವಿರುತ್ತದೆ. ಹಾಗಾಗಿ ಒಂದು ಅಣು ನಾಲ್ಕು ನೆರೆ ಅಣುಗಳವರೆಗೆ ಹಿಡಿದುಕೊಳ್ಳಬಲ್ಲದು. ಗಾಜು, ಹತ್ತಿ, ಮಣ್ಣಿನಲ್ಲೂ ಇಂಥ ಹಿಡಿತ ಸಿಗುವುದರಿಂದ ನೀರು ಅಲ್ಲಿ ಹರಡುತ್ತದೆ. ಕಾಯಿಯ ಮೇಣದ ಹೊದಿಕೆಯಲ್ಲಿ ಅದು ಸಿಗದು. ನೀರು ತನ್ನೊಳಗೇ ಬಿಗಿದುಕೊಳ್ಳುತ್ತದೆ.

ಸೋಪಿನ ಪುಡಿ ಹಾಕಿದರೆ ಈ ಬಿಗಿತ ಸಡಿಲಾಗಿ ದ್ರಾವಣ ಚೆನ್ನಾಗಿಯೇ ಹರಡುತ್ತದೆ. ತೊಂದರೆ ಆಮೇಲೆ: ಮಳೆ ಬಿದ್ದಾಗ ಅದೇ ಸೋಪು ಮತ್ತೆ ಕರಗಿ ತಾಮ್ರವನ್ನೂ ತೊಳೆದುಕೊಂಡು ಹೋಗುತ್ತದೆ. ಹರಡಿಸುವುದು ಬೇರೆ, ಅಂಟಿಸುವುದು ಬೇರೆ. ರಾಳ-ಸೋಡಾದ ಅಂಟು ಎರಡನ್ನೂ ಮಾಡುತ್ತದೆ. ಅದರ ರಾಳ ಸುಣ್ಣದೊಡನೆ ಸೇರಿ ನೀರಿಗೆ ಕರಗದ ಪೊರೆಯಾಗುತ್ತದೆ.

ಶೇ. 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ, 1 ಕಿಲೋ ಒಳ್ಳೆಯ ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಕದಡಿ. ಪ್ಲಾಸ್ಟಿಕ್ ಡ್ರಮ್ಮೇ ಇರಲಿ. ಸುಣ್ಣದ ನೀರಿಗೆ ತುತ್ತದ ನೀರನ್ನು ಕಲಕುತ್ತ ಸುರಿಯಿರಿ. ಉಜ್ಜಿದ ಕತ್ತಿಯನ್ನು ಅದ್ದಿದಾಗ ಕೆಂಪು ಹಿಡಿದರೆ ಸುಣ್ಣ ಸಾಲದು. ಅಂಟು ಕೊನೆಗೆ. ಅದೇ ದಿನ ಹೊಡೆದು ಮುಗಿಸಿ. ಇಟ್ಟಷ್ಟೂ ಕಣಗಳು ಒರಟಾಗಿ ತಳ ಹಿಡಿಯುತ್ತವೆ, ಅಂಟುವ ಗುಣ ಹೋಗುತ್ತದೆ. ನಿನ್ನೆಯ ಉಳಿಕೆಗೆ ಇವತ್ತು ಅಂಟು ಸೇರಿಸಿ ಪ್ರಯೋಜನವಿಲ್ಲ.

ಮಳೆನೀರು ಕಾಯಿಯ ಹೊಟ್ಟೆಯಿಂದ ಜಾರಿದರೂ ತೊಟ್ಟಿನ ಎಸಳುಗಳ ಸಂದಿಯಲ್ಲಿ ಉಳಿಯುತ್ತದೆ. ಇಕ್ಕಟ್ಟಿನಲ್ಲಿ ಎರಡೂ ಬದಿಯ ಹಿಡಿತ ಸಿಗುವುದರಿಂದ ಅದು ಬೇಗ ಇಳಿಯದು. ಕೊಳೆರೋಗ ತರುವ ಶಿಲೀಂಧ್ರದಂಥ ಸೂಕ್ಷ್ಮಜೀವಿಯ ಬೀಜಕಣಗಳು ಈಜುವುದೂ ಇಂಥ ನೀರಿನಲ್ಲೇ. ರೋಗದ ನೀರುಗಲೆ (ನೀರು ಹೀರಿದಂತೆ ಕಾಣುವ ಕಲೆ) ಹೆಚ್ಚಾಗಿ ತೊಟ್ಟಿನ ಬಳಿ ಮೊದಲು ಕಾಣುತ್ತದೆ. ಆದ್ದರಿಂದ ನಾಝಲ್ಲನ್ನು ಕೊನೆಯ ಹೊರಮೈಗಷ್ಟೇ ತೋರಿಸಿ ಮುಂದಿನ ಮರಕ್ಕೆ ಹೋಗಬೇಡಿ. ತೊಟ್ಟಿನ ಸಂದಿಗೂ ಹೊಗಲಿ. ಹನಿ ಸಣ್ಣದಿರಲಿ. ತೊಟ್ಟಿಕ್ಕಲು ಶುರುವಾದರೆ ಅಲ್ಲಿಗೆ ಸಾಕು, ಮುಂದಿನದೆಲ್ಲ ನೆಲದ ಪಾಲು. ಕಾಯಿ ಒದ್ದೆಯಿದ್ದಾಗ ಹೊಡೆದರೂ ಇದೇ ಗತಿ: ಮೇಲಿರುವ ನೀರಿನೊಡನೆ ಕೂಡಿ ಇಳಿದುಬಿಡುತ್ತದೆ.