ಡೌನ್: ವಾಲ್ಟರ್ ಕ್ಯಾಂಪ್ ಕಟ್ಟಿದ ನಿಯಮದ ಕಥೆ

ಅಮೆರಿಕನ್ ಫುಟ್‌ಬಾಲ್‌ನಲ್ಲಿ ‘ಡೌನ್’ ಎಂದರೆ ಒಂದು ಪ್ರಯತ್ನ. ಚೆಂಡು ಕೈಯಲ್ಲಿರುವ ತಂಡಕ್ಕೆ ಇಂಥ 4 ಪ್ರಯತ್ನಗಳು ಸಿಗುತ್ತವೆ. ಅಷ್ಟರೊಳಗೆ 10 ಗಜ ಮುಂದೆ ಸಾಗಬೇಕು. ಸಾಗಿದರೆ ಲೆಕ್ಕ ಮತ್ತೆ ಒಂದರಿಂದ ಆರಂಭ. ಸಾಗದಿದ್ದರೆ ಚೆಂಡು ಎದುರಾಳಿಯ ಪಾಲು. ಟಿ.ವಿ. ಪರದೆಯ ಮೂಲೆಯಲ್ಲಿ 3 ಮತ್ತು 7 ಎಂಬ ಅಂಕಿಗಳು ಜೊತೆಯಾಗಿ ಕಂಡರೆ, ನಡೆಯುತ್ತಿರುವುದು ಮೂರನೆಯ ಡೌನ್, ಇನ್ನೂ 7 ಗಜ ಬಾಕಿ ಇದೆ ಎಂದರ್ಥ. ಕಬಡ್ಡಿಯಲ್ಲಿ ರೈಡರ್ ಹಿಡಿಬಿದ್ದ ಕೂಡಲೇ ಆ ರೈಡ್ ಮುಗಿಯುವ ಹಾಗೆ, ಚೆಂಡು ಹಿಡಿದು ಓಡುವವನನ್ನು ಎದುರಾಳಿಗಳು ಕೆಡವಿದ ಕೂಡಲೇ ಒಂದು ಡೌನ್ ಮುಗಿಯುತ್ತದೆ.

ಕೆಲವೇ ಸೆಕೆಂಡುಗಳ ಆಟ, ಆಮೇಲೆ ನಿಲುಗಡೆ, ಮತ್ತೆ ಸಾಲುಗಟ್ಟುವುದು: ಹೊಸದಾಗಿ ನೋಡುವವರಿಗೆ ಈ ಆಟ ಬೇಸರ ತರಿಸುವುದು ಇದರಿಂದಲೇ. ಆದರೆ ಆ ನಿಲುಗಡೆಯೇ ಈ ಆಟದ ಜೀವ. ಅದನ್ನು ಆಟದೊಳಗೆ ತಂದವರು ವಾಲ್ಟರ್ ಕ್ಯಾಂಪ್.

ಕ್ಯಾಂಪ್ ಹುಟ್ಟಿದ್ದು 1859ರ ಏಪ್ರಿಲ್ 7ರಂದು, ಕನೆಕ್ಟಿಕಟ್ ರಾಜ್ಯದ ನ್ಯೂ ಬ್ರಿಟನ್ ಊರಿನಲ್ಲಿ. 1876ರಲ್ಲಿ ನ್ಯೂ ಹೇವನ್‌ನ ಯೇಲ್ ಕಾಲೇಜಿಗೆ ಸೇರಿದರು. ಆ ವರ್ಷವೇ ಅಮೆರಿಕದ ಕೆಲವು ಕಾಲೇಜುಗಳ ಪ್ರತಿನಿಧಿಗಳು ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಸೇರಿ, ಇಂಗ್ಲೆಂಡಿನ ರಗ್ಬಿ ನಿಯಮಗಳನ್ನು ಅಲ್ಪಸ್ವಲ್ಪ ತಿದ್ದುಪಡಿಯೊಡನೆ ಒಪ್ಪಿಕೊಂಡಿದ್ದರು. ‘ಡೌನ್’ ಎಂಬ ಮಾತೂ ರಗ್ಬಿಯಿಂದಲೇ ಬಂತು. ಹಿಡಿಬಿದ್ದ ಆಟಗಾರ ‘ಡೌನ್’ ಎಂದು ಕೂಗಿ ಚೆಂಡನ್ನು ಅಲ್ಲೇ ಕೆಳಗಿಡಬೇಕೆಂಬುದು 1871ರ ರಗ್ಬಿ ನಿಯಮ. ಚೆಂಡು ಕೆಳಗಿಟ್ಟ ಮೇಲೆ ಎರಡೂ ತಂಡದವರು ಒಟ್ಟಾಗಿ ಮೇಲೆ ಬಿದ್ದು, ಕಾಲಿನಿಂದ ಒದ್ದಾಡಿಸಿ, ಅದು ಯಾರ ಕಡೆ ಉರುಳುತ್ತದೋ ಅವರದಾಗುತ್ತಿತ್ತು. ಇದೇ ಸ್ಕ್ರಮ್.

ಅಂದರೆ ಚೆಂಡು ಗಳಿಸಿದ ತಂಡಕ್ಕೆ ಅದನ್ನು ಉಳಿಸಿಕೊಳ್ಳುವ ಹಕ್ಕು ಇರಲಿಲ್ಲ. ಇದು ಕ್ಯಾಂಪ್ ಅವರಿಗೆ ಒಪ್ಪಿಗೆಯಾಗಲಿಲ್ಲ. ಯೇಲ್ ತಂಡದಲ್ಲಿ ಹಾಫ್‌ಬ್ಯಾಕ್ (ಹಿಂದೆ ನಿಂತು ಚೆಂಡು ಪಡೆದು ಓಡುವ ಆಟಗಾರ) ಆಗಿ, ನಾಯಕನಾಗಿ ಆಡುತ್ತಿದ್ದಾಗಲೇ ಅವರು ನಿಯಮ ರೂಪಿಸುವ ಸಭೆಗಳಿಗೆ ಹೋಗತೊಡಗಿದ್ದರು. 1880ರ ಸಭೆಯಲ್ಲಿ ಅವರ ಎರಡು ಸಲಹೆಗಳಿಗೆ ಒಪ್ಪಿಗೆ ದೊರೆಯಿತು. ಒಂದು, ತಂಡಕ್ಕೆ 15 ಆಟಗಾರರ ಬದಲು 11. ಇನ್ನೊಂದು, ಸ್ಕ್ರಮ್ ಬದಲು ‘ಸ್ಕ್ರಿಮೇಜ್’. ಇನ್ನು ಮುಂದೆ ಚೆಂಡು ಕೆಳಗಿಟ್ಟ ತಂಡವೇ ಅದನ್ನು ಮತ್ತೆ ಆಟಕ್ಕೆ ತರುತ್ತದೆ. ಎದುರಾಳಿ ಗೆರೆಯಾಚೆ ಕಾಯಬೇಕು. ಚೆಂಡನ್ನು ಹಿಂದಕ್ಕೆ ತಳ್ಳುವುದು ಆಗ ಕಾಲಿನಿಂದ. ಕೈಯಿಂದ ಕೊಡುವುದು ಆಮೇಲೆ ಬಂದ ರೂಢಿ. ಹಾಗೆ ಬಂದ ಚೆಂಡನ್ನು ಮೊದಲು ಪಡೆಯುವವನನ್ನು ‘ಕ್ವಾರ್ಟರ್‌ಬ್ಯಾಕ್’ ಎಂದು ಕರೆಯಬೇಕೆಂದು ನಿಯಮದಲ್ಲೇ ಬರೆಯಲಾಯಿತು. ಇಂದು ಕೋಟಿಗಟ್ಟಲೆ ಡಾಲರ್ ಸಂಬಳ ಪಡೆಯುವ ಸ್ಥಾನ ಹುಟ್ಟಿದ್ದು ಆ ಒಂದು ವಾಕ್ಯದಿಂದ. ನನ್ನ ದೃಷ್ಟಿಯಲ್ಲಿ ರಗ್ಬಿಯಿಂದ ಈ ಆಟ ಬೇರೆಯಾದದ್ದೂ ಅದೇ ಸಭೆಯಲ್ಲಿ. ಚೆಂಡು ತಮ್ಮಲ್ಲೇ ಉಳಿಯುತ್ತದೆಂದು ಖಚಿತವಾದರೆ ಮಾತ್ರ ಮುಂದಿನ ನಡೆಯನ್ನು ಮೊದಲೇ ಯೋಚಿಸಿ, ಹೆಸರಿಟ್ಟು, ಅಭ್ಯಾಸ ಮಾಡಲು ಸಾಧ್ಯ.

ಆದರೆ ಹಕ್ಕು ಕೊಟ್ಟ ನಿಯಮ ಮಿತಿಯನ್ನು ಹೇಳಿರಲಿಲ್ಲ. ಪರಿಣಾಮ 1881ರಲ್ಲಿ ಯೇಲ್ ಮತ್ತು ಪ್ರಿನ್ಸ್‌ಟನ್ ನಡುವಣ ಪಂದ್ಯದಲ್ಲಿ ಎಲ್ಲರ ಕಣ್ಣಿಗೂ ಬಿತ್ತು. ಸೋಲದಿದ್ದರೆ ಸಾಕೆಂದುಕೊಂಡ ಪ್ರಿನ್ಸ್‌ಟನ್, ಮೊದಲರ್ಧ ಪೂರ್ತಿ ಚೆಂಡನ್ನು ಬಿಟ್ಟುಕೊಡದೆ, ಮುಂದೆಯೂ ಹೋಗದೆ ಕಾಲ ಕಳೆಯಿತು. ದ್ವಿತೀಯಾರ್ಧದಲ್ಲಿ ಯೇಲ್ ಕೂಡ ಅದನ್ನೇ ಮಾಡಿತು. ಪಂದ್ಯ 0–0. ಹಣ ಕೊಟ್ಟು ಬಂದ ಪ್ರೇಕ್ಷಕರು ಕೆರಳಿದರು, ಪತ್ರಿಕೆಗಳು ಛೀಮಾರಿ ಹಾಕಿದವು. ಸ್ಕ್ರಮ್‌ಗೇ ಮರಳೋಣ ಎಂಬ ಮಾತೂ ಎದ್ದಿತು.

ಕ್ಯಾಂಪ್ ಹಿಂದಕ್ಕೆ ಹೋಗಲಿಲ್ಲ. 1882ರಲ್ಲಿ ಅವರ ಪ್ರಯತ್ನದಿಂದ ಬಂದ ಹೊಸ ನಿಯಮ ಹೀಗಿತ್ತು: 3 ಡೌನ್‌ಗಳಲ್ಲಿ ಒಂದೋ 5 ಗಜ ಮುಂದೆ ಹೋಗಬೇಕು, ಇಲ್ಲವೇ 10 ಗಜ ಹಿಂದೆ ಸರಿಯಬೇಕು, ಎರಡೂ ಆಗದಿದ್ದರೆ ಚೆಂಡು ಒಪ್ಪಿಸಬೇಕು. ಹಿಂದೆ ಸರಿದವರಿಗೂ ಚೆಂಡು ಉಳಿಯುತ್ತಿತ್ತೆಂಬುದು ಇಂದು ವಿಚಿತ್ರವಾಗಿ ತೋರುತ್ತದೆ. ಆ ಅವಕಾಶವನ್ನು ಮುಂದೆ ತೆಗೆದುಹಾಕಲಾಯಿತು. ಗಜ ಅಳೆಯಬೇಕಾದದ್ದರಿಂದ ಮೈದಾನದಲ್ಲಿ ಪ್ರತಿ 5 ಗಜಕ್ಕೊಂದು ಸುಣ್ಣದ ಗೆರೆ ಬಂತು. ದೂರದಿಂದ ಅದು ಮಾಂಸ ಸುಡುವ ಕಬ್ಬಿಣದ ಜಾಲರಿಯಂತೆ ಕಂಡದ್ದರಿಂದ ಮೈದಾನಕ್ಕೆ ‘ಗ್ರಿಡೈರನ್’ ಎಂಬ ಹೆಸರು ಅಂಟಿಕೊಂಡಿತು. ಮರುವರ್ಷ ಕಂಬಗಳ ನಡುವೆ ಚೆಂಡು ಒದೆಯುವ ಗೋಲು ಮತ್ತು ಎದುರಾಳಿಯ ಗೋಲು ಗೆರೆಯಾಚೆ ಚೆಂಡು ಒಯ್ಯುವ ಟಚ್‌ಡೌನ್‌ಗಳಿಗೆ ಬೇರೆ ಬೇರೆ ಅಂಕ ಕೊಡುವ ಪದ್ಧತಿಯೂ ಬಂತು.

ಇಷ್ಟೆಲ್ಲ ಮಾಡುವಾಗ ಕ್ಯಾಂಪ್ ಹೊಟ್ಟೆಪಾಡಿಗೆ ಹಿಡಿದ ಕೆಲಸ ಬೇರೆಯೇ ಇತ್ತು. ವೈದ್ಯಕೀಯ ಓದನ್ನು ಅರ್ಧಕ್ಕೆ ಬಿಟ್ಟು ನ್ಯೂ ಹೇವನ್ ಗಡಿಯಾರ ಕಂಪನಿ ಸೇರಿದ ಅವರು ಮುಂದೆ ಅದರ ಅಧ್ಯಕ್ಷರಾದರು. 1888ರಲ್ಲಿ ಯೇಲ್ ತಂಡದ ತರಬೇತುದಾರರಾದಾಗ ಹಗಲಿನಲ್ಲಿ ಮೈದಾನಕ್ಕೆ ಹೋಗಲು ಬಿಡುವಿರಲಿಲ್ಲ. ಅದೇ ವರ್ಷ ಅವರನ್ನು ಮದುವೆಯಾದ ಆಲಿಸ್ ಮೈದಾನದ ಅಂಚಿನಲ್ಲಿ ನಿಂತು ಅಭ್ಯಾಸ ನೋಡಿ ಟಿಪ್ಪಣಿ ಬರೆದುಕೊಳ್ಳುತ್ತಿದ್ದರು. ಸಂಜೆ ಆಟಗಾರರು ಮನೆಗೆ ಬಂದಾಗ ಅದರ ಆಧಾರದ ಮೇಲೆ ಚರ್ಚೆ ನಡೆಯುತ್ತಿತ್ತು. ಆ ವರ್ಷ ಯೇಲ್ 13 ಪಂದ್ಯಗಳನ್ನೂ ಗೆದ್ದು 698 ಅಂಕ ಗಳಿಸಿತು; ಎದುರಾಳಿಗಳಿಗೆ ಒಂದು ಅಂಕವನ್ನೂ ಕೊಡಲಿಲ್ಲ. ಈ ಆಟದ ಇತಿಹಾಸ ಬರೆಯುವವರು ಆಲಿಸ್ ಹೆಸರನ್ನು ಇನ್ನೂ ದೊಡ್ಡ ಅಕ್ಷರಗಳಲ್ಲಿ ಬರೆಯಬೇಕು. ಆ ತಂಡದಲ್ಲಿದ್ದ ಪಡ್ಜ್ ಹೆಫೆಲ್‌ಫಿಂಗರ್ 1892ರ ನವೆಂಬರ್ 12ರಂದು ಪಿಟ್ಸ್‌ಬರ್ಗ್‌ನ ಒಂದು ಪಂದ್ಯಕ್ಕೆ 500 ಡಾಲರ್ ಪಡೆದು, ದಾಖಲೆಯಲ್ಲಿರುವ ಮೊದಲ ವೃತ್ತಿಪರ ಆಟಗಾರರಾದರು.

ಇನ್ನು ಡೌನ್ ನಿಯಮದ ಕರಾಳ ಮುಖ. 3 ಪ್ರಯತ್ನಗಳಲ್ಲಿ 5 ಗಜ ಎಂದರೆ ಪ್ರತಿ ಸಲ 2 ಗಜಕ್ಕೂ ಕಡಿಮೆ. ಅಷ್ಟಕ್ಕೆ ಜಾಣತನ ಬೇಕಿಲ್ಲ, ಒಗ್ಗೂಡಿ ನುಗ್ಗಿದರೆ ಸಾಕು. 1888ರಲ್ಲಿ ಸೊಂಟದ ಕೆಳಗೆ, ಮೊಣಕಾಲಿನವರೆಗೆ ಹಿಡಿದು ಕೆಡವಲು ಅನುಮತಿ ಸಿಕ್ಕ ಮೇಲೆ ಬಯಲಿನಲ್ಲಿ ಓಡುವುದು ಕಷ್ಟವಾಗಿ, ಆಟಗಾರರು ಭುಜಕ್ಕೆ ಭುಜ ತಾಗಿಸಿ ಗುಂಪಾಗಿ ನುಗ್ಗತೊಡಗಿದರು. 1892ರಲ್ಲಿ ಹಾರ್ವರ್ಡ್ ತಂಡ ಯೇಲ್ ವಿರುದ್ಧ ಪ್ರಯೋಗಿಸಿದ ‘ಫ್ಲೈಯಿಂಗ್ ವೆಡ್ಜ್’ನಲ್ಲಿ ಇಡೀ ತಂಡ ಬಾಣದ ಮೊನೆಯ ಆಕಾರದಲ್ಲಿ ಓಡಿಬಂದು ಒಬ್ಬನ ಮೇಲೆ ಎರಗಿತು. ಅದನ್ನು 1894ರಲ್ಲಿ ನಿಷೇಧಿಸಿದರೂ ಗುಂಪಿನ ಆಟ ನಿಲ್ಲಲಿಲ್ಲ. ಎಲುಬು ಮುರಿಯುವುದು ಮಾಮೂಲಾಯಿತು, ಸಾವುಗಳೂ ಆದವು.

ಈ ಕಾಲದಲ್ಲಿ ಕ್ಯಾಂಪ್ ನಡೆದುಕೊಂಡ ರೀತಿಯನ್ನು ನಾನು ಮೆಚ್ಚಲಾರೆ. ಹಳೆಯ ಆಟಗಾರರ ಅಭಿಪ್ರಾಯಗಳನ್ನು ಸಂಗ್ರಹಿಸಿ ಪ್ರಕಟಿಸಿ, ಆಟ ಹೊರಗಿನವರು ಹೇಳುವಷ್ಟು ಅಪಾಯಕಾರಿಯಲ್ಲ ಎಂದು ವಾದಿಸಿದರು. ನಿಯಮ ಬದಲಿಸುವ ಅಧಿಕಾರ ಬೇರೆ ಯಾರಿಗಿಂತ ಹೆಚ್ಚಾಗಿ ಅವರ ಕೈಯಲ್ಲಿದ್ದಾಗ ಅವರು ನಿಧಾನಿಸಿದರು. 1905ರ ಅಕ್ಟೋಬರ್ 9ರಂದು ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿದರು. ಕ್ಯಾಂಪ್ ಅವರೂ ಇದ್ದರು. ಆ ಋತು ಮುಗಿಯುವಾಗ 18 ಮಂದಿ ಸತ್ತಿದ್ದಾರೆಂದು ಪತ್ರಿಕೆ ವರದಿ ಬಂತು. ಬೇಸತ್ತ ಇತರ ಕಾಲೇಜುಗಳು ಹೊಸ ಸಂಘ ಕಟ್ಟಿದವು. 1910ರಲ್ಲಿ ಎನ್‌ಸಿಎಎ (ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಘ) ಎಂಬ ಹೆಸರು ಪಡೆದದ್ದು ಅದೇ ಸಂಘ.

1906ರಲ್ಲಿ ಎರಡು ದೊಡ್ಡ ಬದಲಾವಣೆಗಳಾದವು. 5 ಗಜದ ಬದಲು 10 ಗಜ ಎಂಬುದು ಕ್ಯಾಂಪ್ ಅವರ ಪರಿಹಾರ: ದೂರ ಹೆಚ್ಚಿದರೆ ಬರಿ ನುಗ್ಗಾಟ ಸಾಲದು, ಆಟ ತೆರೆದುಕೊಳ್ಳಲೇಬೇಕು. ಚೆಂಡನ್ನು ಮುಂದಕ್ಕೆ ಎಸೆಯುವ ‘ಫಾರ್ವರ್ಡ್ ಪಾಸ್’ ಇತರರ ಒತ್ತಾಯ. ಕ್ಯಾಂಪ್ ಅವರಿಗೆ ಅದು ಹಿಡಿಸಿರಲಿಲ್ಲ. ಕೊನೆಗೆ ಈ ಎರಡೂ ಒಂದಕ್ಕೊಂದು ಬೇಕಾದವು. ಎಸೆತವಿಲ್ಲದೆ 10 ಗಜ ಕಷ್ಟ. 10 ಗಜದ ಒತ್ತಡವಿಲ್ಲದಿದ್ದರೆ ಯಾರೂ ಎಸೆತದ ಅಪಾಯಕ್ಕೆ ಕೈಹಾಕುತ್ತಿರಲಿಲ್ಲ. ಅಪಾಯವೂ ಸಣ್ಣದಲ್ಲ: ಯಾರೂ ಮುಟ್ಟದೆ ನೆಲಕ್ಕೆ ಬಿದ್ದ ಎಸೆತ ಆಗ ನೇರವಾಗಿ ಎದುರಾಳಿಯ ಪಾಲಾಗುತ್ತಿತ್ತು. 3 ಡೌನ್‌ಗಳಲ್ಲಿ 10 ಗಜ ತೀರ ಬಿಗಿಯಾಯಿತೆಂದು 1912ರಲ್ಲಿ ನಾಲ್ಕನೆಯ ಡೌನ್ ಸೇರಿಸಲಾಯಿತು. ಟಚ್‌ಡೌನ್‌ಗೆ 6 ಅಂಕವೆಂದು ನಿಗದಿಯಾದದ್ದೂ ಆಗಲೇ.

ಕ್ಯಾಂಪ್ ಕೊನೆಯವರೆಗೂ ನಿಯಮ ಸಮಿತಿಯನ್ನು ಬಿಡಲಿಲ್ಲ. 1925ರ ಮಾರ್ಚ್ 14ರಂದು ನ್ಯೂಯಾರ್ಕ್‌ನಲ್ಲಿ ಸಮಿತಿಯ ಸಭೆಗೆಂದು ಬಂದಿದ್ದಾಗಲೇ ತೀರಿಕೊಂಡರು.

ಇಂದಿನ ಆಟದಲ್ಲಿ ಅತಿ ಹೆಚ್ಚು ಚರ್ಚೆಯಾಗುವುದು ನಾಲ್ಕನೆಯ ಡೌನ್. ಬಾಕಿ ಗಜಗಳಿಗಾಗಿ ಕೊನೆಯ ಸಲ ಪ್ರಯತ್ನಿಸಿ ಸೋತರೆ ಎದುರಾಳಿಗೆ ಅಲ್ಲೇ ಚೆಂಡು ಸಿಗುತ್ತದೆ. ಹಾಗಾಗಿ ಗೋಲು ಕಂಬ ಹತ್ತಿರವಿದ್ದರೆ ಒದ್ದು 3 ಅಂಕ ಗಳಿಸುತ್ತಾರೆ, ದೂರವಿದ್ದರೆ ‘ಪಂಟ್’ ಮಾಡಿ ಚೆಂಡನ್ನು ಆದಷ್ಟು ದೂರ ಅಟ್ಟುತ್ತಾರೆ. ನೆರೆಯ ಕೆನಡಾದ ಫುಟ್‌ಬಾಲ್‌ನಲ್ಲಿ ಈಗಲೂ 10 ಗಜಕ್ಕೆ ಮೂರೇ ಡೌನ್. ಎರಡು ಪ್ರಯತ್ನ ವಿಫಲವಾದರೆ ಮೂರನೆಯದರಲ್ಲಿ ಚೆಂಡನ್ನು ಒದ್ದುಬಿಡುವುದೇ ಅಲ್ಲಿ ವಾಡಿಕೆ. ಆದ್ದರಿಂದ ಅಲ್ಲಿ ಎಸೆತವನ್ನೇ ಹೆಚ್ಚು ನೆಚ್ಚಿಕೊಳ್ಳುತ್ತಾರೆ.